ಮೆಣಸೆಯಲ್ಲಿ ಹೊಸ ವಿದ್ಯಾರ್ಥಿಯ ಮೊದಲ ದಿನಗಳು

ಮಕ್ಕಳನ್ನು ವಿದ್ಯಾರ್ಜನೆಗಾಗಿ ಪರಸ್ಥಳಕ್ಕೆ ಕಳುಹಿಸಿಕೊಡುವುದು ನಮ್ಮ ಗೃಹಸ್ಥರಿಗೆ ಹೊಸ ಸಂಗತಿಯೇನೂ ಅಲ್ಲ. ಹೊರಡುವ ದಿನದವರೆಗೆ ನಾವು ಎಷ್ಟೋ ವಿಚಾರ ಮಾಡುತ್ತೇವೆ. ಶುಲ್ಕವೆಷ್ಟು, ಹಾಸಿಗೆ ಎಂಥದು, ಪೆಟ್ಟಿಗೆಯಲ್ಲಿ ಏನೇನಿಡಬೇಕು, ದಾರಿಯ ಬುತ್ತಿಗೆ ಏನು ಕಟ್ಟಬೇಕು ಎಂದು ಮನೆಯೆಲ್ಲ ಗಡಿಬಿಡಿಯಾಗುತ್ತದೆ. ಆದರೆ ಹುಡುಗನು ಹೋಗಿ ಇಳಿದ ಮೇಲೆ ಮೊದಲಿನ ಹದಿನೈದು ದಿನಗಳು ಅವನಿಗೆ ಹೇಗೆ ಕಳೆಯುವುವೆಂಬುದನ್ನು ವಿಚಾರಿಸುವವರು ವಿರಳ. ಪಾಠವು ಕಠಿಣವಾಯಿತೆಂದು ವಿದ್ಯೆಯನ್ನು ಬಿಟ್ಟವರಿಗಿಂತ, ಪಾಠವು ಸರಿಯಾಗಿ ಆರಂಭವಾಗುವುದಕ್ಕೆ ಮುಂಚೆಯೇ ಮನಸ್ಸು ಮುರಿದು ಊರಿಗೆ ಹಿಂದಿರುಗಿದವರೇ ಹೆಚ್ಚೆಂದು ನಮಗೆ ತೋರುತ್ತದೆ. ಇದು ಬುದ್ಧಿಯ ದೋಷವಲ್ಲ. ನೆಲ ಬದಲಾದುದರ ಫಲ. ಒಂದು ಮಡಿಯಿಂದ ಕಿತ್ತ ಸಸಿಯನ್ನು ಇನ್ನೊಂದು ಗದ್ದೆಯಲ್ಲಿ ನೆಟ್ಟರೆ ಕೆಲವು ದಿನ ಅದು ಬಾಡಿದಂತೆ ಕಾಣುವುದು ಸಹಜ. ಆ ಕೆಲವು ದಿನಗಳಲ್ಲಿ ನೀರು ನೋಡಿಕೊಳ್ಳುವವರು ಯಾರು ಎಂಬುದೇ ಪ್ರಶ್ನೆ.

ಈ ವಿಷಯವನ್ನು ವಿಚಾರಮಾಡುವುದಕ್ಕೆ ಮೆಣಸೆಯು ಒಳ್ಳೆಯ ದೃಷ್ಟಾಂತವಾಗಿದೆ. ಮೆಣಸೆಯು ಚಿಕ್ಕಮಗಳೂರು ಜಿಲ್ಲೆಯ ಶೃಂಗೇರಿ ತಾಲ್ಲೂಕಿನಲ್ಲಿ, ಶೃಂಗೇರಿ ಪೇಟೆಗೆ ಸಮೀಪದಲ್ಲಿರುವ ಒಂದು ಮಲೆನಾಡಿನ ಗ್ರಾಮ. ದೆಹಲಿಯಲ್ಲಿ 1970ರಲ್ಲಿ ಸ್ಥಾಪಿತವಾದ ರಾಷ್ಟ್ರೀಯ ಸಂಸ್ಕೃತ ಸಂಸ್ಥಾನವು 1992ರಲ್ಲಿ ಶೃಂಗೇರಿಯಲ್ಲಿ ತನ್ನದೊಂದು ವಿದ್ಯಾಪೀಠವನ್ನು ತೆರೆಯಿತು. ಆ ಸಂಸ್ಥಾನವು 2020ರಲ್ಲಿ ಕೇಂದ್ರೀಯ ಸಂಸ್ಕೃತ ವಿಶ್ವವಿದ್ಯಾಲಯವಾಯಿತು. ಮೆಣಸೆಯಲ್ಲಿರುವುದು ಅದರ ಶೃಂಗೇರಿಯ ಆವರಣ. ಪುರಿ, ಜಮ್ಮು, ಜಯಪುರ, ಲಕ್ನೋ, ಅಗರ್ತಲಾ, ತ್ರಿಶೂರು ಮುಂತಾದ ಕಡೆಗಳಲ್ಲಿ ಇದರ ಸೋದರ ಆವರಣಗಳುಂಟು. ವ್ಯಾಕರಣ, ಸಾಹಿತ್ಯ, ನ್ಯಾಯ, ಮೀಮಾಂಸೆ, ವೇದಾಂತ, ಜ್ಯೋತಿಷ ಮೊದಲಾದ ಶಾಸ್ತ್ರಗಳನ್ನು ಇಲ್ಲಿ ಸಂಸ್ಕೃತದಲ್ಲಿಯೇ ಪಾಠಹೇಳುತ್ತಾರೆ. ಇಲ್ಲಿಯ ಶಾಸ್ತ್ರೀ ಎಂಬುದು ಬಿ.ಎ. ಪದವಿಗೂ, ಆಚಾರ್ಯ ಎಂಬುದು ಎಂ.ಎ. ಪದವಿಗೂ ಸಮಾನ. ಉಪಾಧ್ಯಾಯರಾಗತಕ್ಕವರಿಗೆ ಶಿಕ್ಷಾಶಾಸ್ತ್ರೀ ಎಂಬ ತರಗತಿಯುಂಟು. ಕನ್ನಡನಾಡಿನ ನಾನಾ ಜಿಲ್ಲೆಗಳವರಲ್ಲದೆ ಹೊರಪ್ರಾಂತಗಳ ಹುಡುಗರೂ ಹುಡುಗಿಯರೂ ಇಲ್ಲಿಗೆ ಬಂದು ಓದುತ್ತಾರೆ.

ಬರುವ ದಾರಿಯೇ ಅವರಿಗೆ ಮೊದಲನೆಯ ಪಾಠ. ಶೃಂಗೇರಿಯ ಸುತ್ತ ರೈಲಿನ ಹಾದಿಯಿಲ್ಲ. ಶಿವಮೊಗ್ಗೆಯಲ್ಲಿ ಇಳಿದವರು ತೀರ್ಥಹಳ್ಳಿ ಕೊಪ್ಪಗಳ ಕಡೆಯಿಂದ ಸುಮಾರು 100 ಕಿಲೋಮೀಟರು ಬಸ್ಸಿನಲ್ಲಿ ಬರಬೇಕು. ಉಡುಪಿಯ ಕಡೆಯಿಂದ ಬಂದವರು ಆಗುಂಬೆಯ ಘಾಟಿಯ ತಿರುವುಗಳನ್ನು ಹತ್ತಬೇಕು. ಎರಡು ಹಗಲು ಎರಡು ರಾತ್ರಿ ರೈಲಿನಲ್ಲಿ ಬಯಲುಸೀಮೆಯನ್ನೇ ನೋಡುತ್ತ ಬಂದ ಒಬ್ಬ ಹುಡುಗನನ್ನು ವಾಚಕರು ಮನಸ್ಸಿಗೆ ತಂದುಕೊಳ್ಳಲಿ. ಬಸ್ಸಿನ ಕಿಟಕಿಯ ಹೊರಗೆ ಅವನಿಗೆ ಊರೆಂಬುದೇ ಕಾಣಿಸದು. ಕಣಿವೆಯಲ್ಲಿ ಒಂದು ಅಡಕೆಯ ತೋಟ, ಅದರ ಮಗ್ಗುಲಲ್ಲಿ ಒಂದು ಮನೆ. ಮತ್ತೆ ಕಾಡು, ಗುಡ್ಡ, ಹಳ್ಳ. ಇನ್ನೊಂದು ತೋಟ, ಇನ್ನೊಂದು ಮನೆ. ಬೀದಿ ಬೀದಿಯಾಗಿ ಮನೆಗಳಿರುವ ಹಳ್ಳಿಯಲ್ಲಿ ಹುಟ್ಟಿದವನಿಗೆ, ಊರು ಎಲ್ಲಿ ಮೊದಲಾಯಿತು, ಎಲ್ಲಿ ಮುಗಿಯಿತು ಎಂಬುದೇ ತಿಳಿಯದೆ ಒಂದು ಬಗೆಯ ದಿಗಿಲಾಗುತ್ತದೆ.

ತರಗತಿಗಳು ಆರಂಭವಾಗುವ ಕಾಲವೂ ಮಳೆಗಾಲವೂ ಒಂದೇ ಆಗಿರುವುದು ಹೊಸಬನ ಎರಡನೆಯ ಪರೀಕ್ಷೆ. ನಮ್ಮ ರೈತರು ಮಳೆಯನ್ನು ನಕ್ಷತ್ರಗಳ ಹೆಸರಿನಿಂದ ಎಣಿಸುವರಷ್ಟೆ. ಜೂನ್ ತಿಂಗಳ ಮೊದಲ ಭಾಗದಲ್ಲಿ ಮೃಗಶಿರೆ ಹೂಡುತ್ತದೆ. ಅನಂತರ ಹದಿಮೂರು ಹದಿನಾಲ್ಕು ದಿನಗಳಿಗೊಂದರಂತೆ ಆರಿದ್ರೆ, ಪುನರ್ವಸು, ಪುಷ್ಯ, ಆಶ್ಲೇಷೆಗಳು ಬರುತ್ತವೆ. ಬೆಂಗಳೂರಿನಲ್ಲಿ ವರ್ಷವೆಲ್ಲ ಸೇರಿ 1000 ಮಿಲಿಮೀಟರಿನ ಆಸುಪಾಸು ಮಳೆಯಾದರೆ, ಶೃಂಗೇರಿಯ ಸೀಮೆಯಲ್ಲಿ ಅದು 3000 ಮಿಲಿಮೀಟರನ್ನೂ ಮೀರುವುದು. ನೆರೆಯ ಆಗುಂಬೆಯಲ್ಲಿ 7000ಕ್ಕೂ ಹೆಚ್ಚು. ಇದರ ಬಹುಭಾಗವು ಜೂನಿನಿಂದ ಸೆಪ್ಟೆಂಬರಿನವರೆಗಿನ ನಾಲ್ಕೇ ತಿಂಗಳಲ್ಲಿ ಬೀಳತಕ್ಕದ್ದು. ಬಯಲುಸೀಮೆಯವನಿಗೆ ಮಳೆಯೆಂದರೆ ಬಂದು ಹೋಗುವ ಅತಿಥಿ. ಮಲೆನಾಡಿನಲ್ಲಿ ಅದು ಬಂದು ಕುಳಿತ ನೆಂಟ. ಬೆಳಿಗ್ಗೆ ಎದ್ದಾಗಲೂ ಅದೇ ಸದ್ದು, ರಾತ್ರಿ ಮಲಗಿದಾಗಲೂ ಅದೇ ಸದ್ದು.

ಸಮುದ್ರದ ನಡುವಿನ ದ್ವೀಪಕ್ಕೆ ಓದುವುದಕ್ಕೆ ಹೋದವನ ಸ್ಥಿತಿಗೂ ಈ ಹುಡುಗನ ಸ್ಥಿತಿಗೂ ಬಹಳ ಭೇದವಿಲ್ಲ. ಹಿಂದೆ ಮಳೆಗಾಲದಲ್ಲಿ ಮಲೆನಾಡಿನ ಒಂದೊಂದು ಮನೆಯೂ ಒಂದೊಂದು ದ್ವೀಪವೇ ಆಗಿತ್ತು. ಹಳ್ಳ ಉಕ್ಕಿ ಮರದ ಸಂಕ ಕೊಚ್ಚಿಹೋದರೆ ವಾರಗಟ್ಟಲೆ ಪೇಟೆಯ ಮುಖ ಕಾಣುವಂತಿರಲಿಲ್ಲ. ಆದುದರಿಂದಲೇ ಇಲ್ಲಿಯ ಗೃಹಿಣಿಯರು ಬೇಸಗೆಯಲ್ಲಿಯೇ ಸೌದೆಯನ್ನು ಒಟ್ಟಿ, ಮಿಡಿ ಉಪ್ಪಿನಕಾಯಿ ಹಾಕಿ, ಹಲಸಿನ ಹಪ್ಪಳ ಸಂಡಿಗೆಗಳನ್ನು ಒಣಗಿಸಿ ಡಬ್ಬ ತುಂಬಿಡುತ್ತಿದ್ದರು. ಇಂದಿಗೂ ಅನೇಕ ಮನೆಗಳಲ್ಲಿ ಈ ಪದ್ಧತಿ ಉಳಿದಿದೆ. ಈಗ ಸೇತುವೆಗಳೂ ಬಸ್ಸುಗಳೂ ಬಂದಿವೆ. ಆದರೂ ತುಂಗೆಯು ತುಂಬಿಬಂದಾಗ ಶೃಂಗೇರಿಯ ದಡದ ಮಂಟಪಗಳೂ ಗಾಂಧಿ ಮೈದಾನವೂ ನೀರಿನಲ್ಲಿ ಮುಳುಗುವುದು ಅಪರೂಪವಲ್ಲ. ಗಾಳಿಗೆ ಮರ ಬಿದ್ದು ತಂತಿ ಹರಿದರೆ ದೀಪವಿಲ್ಲ. ದೀಪ ಹೋದ ಸ್ವಲ್ಪ ಕಾಲದಲ್ಲಿ ದೂರವಾಣಿಯೂ ಮೂಕವಾಗುತ್ತದೆ. ಅಂಥ ರಾತ್ರಿಯಲ್ಲಿ ಮನೆಯ ದನಿ ಕೇಳದೆ, ಮಾಡಿನ ಮೇಲೆ ಸುರಿಯುವ ಮಳೆಯನ್ನೂ ಹೊರಗಿನ ಕಪ್ಪೆಗಳ ಕೂಗನ್ನೂ ಕೇಳುತ್ತ ಮಲಗಿದ ಹದಿನೇಳು ವರ್ಷದ ಹುಡುಗನಿಗೆ, ‘ಬೆಳಗಾಗಲಿ, ಹೊರಟುಬಿಡುತ್ತೇನೆ’ ಎನ್ನಿಸಿದರೆ ಅವನನ್ನು ಹೇಡಿಯೆನ್ನಬಾರದು.

ಇದರ ಮೇಲೆ ಉಂಬಳದ ಕಾಟ. ಇಂಬಳವೆಂದೂ ಕರೆಯುವ ಈ ನೆಲಜಿಗಣೆಯು ಹುಲ್ಲಿನಲ್ಲಿಯೂ ತರಗೆಲೆಯಲ್ಲಿಯೂ ಕಾದಿದ್ದು, ನಡೆಯುವವನ ಕಾಲಿಗೆ ಹತ್ತಿ ಸದ್ದಿಲ್ಲದೆ ರಕ್ತವನ್ನು ಹೀರುತ್ತದೆ. ಕಚ್ಚಿದುದು ತಿಳಿಯುವುದೇ ಇಲ್ಲ. ಪಂಚೆಯ ಮೇಲೆ ಕೆಂಪು ಕಂಡಾಗಲೇ ಗೊತ್ತಾಗುವುದು. ಅದು ಬಿಟ್ಟುಹೋದ ಮೇಲೂ ಸ್ವಲ್ಪ ಹೊತ್ತು ರಕ್ತ ನಿಲ್ಲದಿರುವುದನ್ನು ಕಂಡು ಹೊಸಬರು ಗಾಬರಿಯಾಗುತ್ತಾರೆ. ಉಂಬಳದ ಬಾಯಿಯಿಂದ ಬರುವ ದ್ರವವು ರಕ್ತವನ್ನು ಹೆಪ್ಪುಗಟ್ಟಗೊಡುವುದಿಲ್ಲವಾದುದರಿಂದ ಹಾಗಾಗುವುದೇ ಹೊರತು ಬೇರೆ ಭಯಕ್ಕೆ ಕಾರಣವಿಲ್ಲ. ತೊಳೆದು ಒತ್ತಿ ಹಿಡಿದರೆ ನಿಲ್ಲುವುದು. ಕಾಲಿಗೆ ಸುಣ್ಣವನ್ನೋ ಹೊಗೆಸೊಪ್ಪಿನ ನೀರನ್ನೋ ಸವರಿಕೊಂಡು ತೋಟಕ್ಕಿಳಿಯುವುದು ಊರವರ ವಾಡಿಕೆ. ನಿಜವಾಗಿ ಎಚ್ಚರದಿಂದಿರತಕ್ಕದ್ದು ಬೇರೊಂದು ಹುಳುವಿನ ವಿಷಯದಲ್ಲಿ. ಮಳೆ ಮುಗಿದು ಕಾಡು ಒಣಗಿದ ಮೇಲೆ ಉಣುಗುಗಳು ಹೆಚ್ಚುತ್ತವೆ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರಿನ ಕಾಡಿನಲ್ಲಿ ಮೊದಲು ಪತ್ತೆಯಾದ ಮಂಗನ ಕಾಯಿಲೆಯು ಅವುಗಳ ಕಡಿತದಿಂದ ಹರಡತಕ್ಕದ್ದು. ಡಿಸೆಂಬರಿನಿಂದ ಮೇ ತಿಂಗಳವರೆಗೆ ತಿಳಿಯದ ಕಾಡಿಗೆ ಹೋಗದಿರುವುದೂ, ಹೋಗಿಬಂದರೆ ಬಿಸಿನೀರಿನಲ್ಲಿ ಸ್ನಾನಮಾಡಿ ಬಟ್ಟೆ ಒಗೆಯುವುದೂ, ಜ್ವರ ಬಂದರೆ ಕೂಡಲೇ ವೈದ್ಯರಿಗೆ ತೋರಿಸುವುದೂ ಕ್ಷೇಮಕರ.

ಬಟ್ಟೆ ಒಣಗಿಸುವುದು ಸಣ್ಣ ವಿಷಯವೆಂದು ವಾಚಕರು ನಗಬಹುದು. ನಾಲ್ಕು ದಿನ ಹಸಿಬಟ್ಟೆಯ ವಾಸನೆಯಲ್ಲಿ ಕುಳಿತು ಪಾಣಿನಿಯ ಸೂತ್ರಗಳನ್ನು ಬಾಯಿಪಾಠ ಮಾಡಿದವರು ನಗಲಾರರು. ಇಲ್ಲಿಯ ಮನೆಗಳಲ್ಲಿ ಬಚ್ಚಲ ಒಲೆಯ ಮೇಲೆ ಗಳು ಕಟ್ಟಿ ಬಟ್ಟೆ ಆರಿಸುವರು. ವಸತಿಗೃಹದಲ್ಲಿ ಆ ಸೌಕರ್ಯವೆಲ್ಲಿಯದು? ಆದುದರಿಂದ ಮಗನನ್ನು ಮೆಣಸೆಗೆ ಕಳುಹಿಸುವ ತಾಯಿ ದಪ್ಪನೆಯ ಹೊಸ ಬಟ್ಟೆಗಳನ್ನು ತುಂಬುವುದಕ್ಕಿಂತ, ಬೇಗ ಆರುವ ತೆಳುಬಟ್ಟೆಗಳನ್ನು ಒಂದೆರಡು ಜೊತೆ ಹೆಚ್ಚಾಗಿಯೇ ಇಡುವುದು ಒಳ್ಳೆಯದು. ಒಂದು ಒಳ್ಳೆಯ ಕೊಡೆ, ಒಂದು ಕಂಬಳಿ, ಪುಸ್ತಕಗಳಿಗೆ ನೀರು ತಾಗದ ಚೀಲ, ಬೂಷ್ಟು ಹಿಡಿಯದಂತೆ ಮುಚ್ಚಳ ಬಿಗಿಯಾದ ಡಬ್ಬ, ಇವು ಬೆಲೆಯುಳ್ಳ ಉಡುಗೊರೆಗಳಿಗಿಂತ ಹೆಚ್ಚಾಗಿ ಮಗನ ನೆರವಿಗೆ ಬರುವುವು.

ಇನ್ನು ಊಟದ ವಿಚಾರ. ಬಿಜಾಪುರದ ಕಡೆಯವನು ಜೋಳದ ರೊಟ್ಟಿಯನ್ನೂ, ಹಳೆಯ ಮೈಸೂರಿನವನು ರಾಗಿಮುದ್ದೆಯನ್ನೂ, ಉತ್ತರದವನು ಗೋದಿಯ ರೊಟ್ಟಿಯನ್ನೂ ನೆನೆದು ನಿಟ್ಟುಸಿರು ಬಿಡುವ ನಾಡು ಇದು. ಇಲ್ಲಿ ಅನ್ನವೇ ಊಟ. ಕಡುಬೂ ಅಕ್ಕಿಯದೇ, ರೊಟ್ಟಿಯೂ ಅಕ್ಕಿಯದೇ. ಆದರೆ ಮಳೆಗಾಲದಲ್ಲಿ ಮಲೆನಾಡಿನ ಅಡುಗೆಮನೆಗಿರುವ ಚಾತುರ್ಯವನ್ನು ಹೊಸಬನು ಸ್ವಲ್ಪ ಅರಿತುಕೊಂಡರೆ ಅವನ ನಾಲಗೆ ಬೇಗ ಒಲಿಯುವುದು. ಕೆಸುವಿನ ಎಲೆ ಹಾಗೆಯೇ ತಿಂದರೆ ಗಂಟಲು ತುರಿಸುತ್ತದೆ. ಹುಣಿಸೆಯ ಹುಳಿಯೊಡನೆ ಅಕ್ಕಿಯ ಹಿಟ್ಟು ಬಳಿದು ಸುರುಳಿಸುತ್ತಿ ಬೇಯಿಸಿದರೆ ಅದೇ ಪತ್ರೊಡೆ. ಎಳೆಬಿದಿರಿನ ಕಳಲೆಯಲ್ಲಿ ಸ್ವಾಭಾವಿಕವಾಗಿ ವಿಷಾಂಶವುಂಟು. ಹೆಚ್ಚಿ, ಎರಡು ಮೂರು ದಿನ ನೀರು ಬದಲಾಯಿಸುತ್ತ ನೆನೆಯಿಟ್ಟರೆ ಅದೇ ರುಚಿಯಾದ ಪಲ್ಯ. ಅಂಗಳದ ಅಂಚಿನ ಒಂದೆಲಗವನ್ನು ಅರೆದು ಮಜ್ಜಿಗೆಯಲ್ಲಿ ಕದಡಿದರೆ ತಂಬುಳಿ. ಕಷ್ಟವಾದ ವಸ್ತುವನ್ನು ಕಾದು, ತೊಳೆದು, ಹದಮಾಡಿ ಒಗ್ಗಿಸಿಕೊಳ್ಳುವ ಈ ಕ್ರಮದಲ್ಲಿ ಹೊಸ ವಿದ್ಯಾರ್ಥಿಗೂ ಒಂದು ಉಪದೇಶವುಂಟು.

ಎಲ್ಲಕ್ಕಿಂತ ದೊಡ್ಡ ಪರೀಕ್ಷೆ ಮಾತಿನದು. ಓಢ್ರ ದೇಶದ ಹುಡುಗನೂ ಕೇರಳದ ಹುಡುಗನೂ ಧಾರವಾಡದ ಹುಡುಗನೂ ಒಂದೇ ಕೋಣೆಯಲ್ಲಿ ಇರಬೇಕಾಗಿ ಬಂದಾಗ ಅವರಿಗಿರುವ ಸಾಮಾನ್ಯ ಭಾಷೆ ಸಂಸ್ಕೃತವೊಂದೇ. ಅದನ್ನು ಪುಸ್ತಕದಲ್ಲಿ ಓದಿ ತಿಳಿದವರೂ ‘ನನ್ನ ಬಕೆಟ್ಟನ್ನು ಯಾರು ತೆಗೆದುಕೊಂಡು ಹೋದರು?’ ಎಂದು ಕೇಳಬೇಕಾದಾಗ ತಡವರಿಸುತ್ತಾರೆ. ಕಾಳಿದಾಸನಿಗೆ ಬಕೆಟ್ಟಿನ ಅಗತ್ಯ ಬೀಳಲಿಲ್ಲವಷ್ಟೆ! ಉಚ್ಚಾರಣೆಯೂ ಎಲ್ಲರದೂ ಒಂದೇ ಅಲ್ಲ. ಬಂಗಾಳದವರ ಬಾಯಲ್ಲಿ ವಕಾರವು ಬಕಾರವಾಗುತ್ತದೆ. ಕೇರಳದ ಹಳೆಯ ರೂಢಿಯಲ್ಲಿ ‘ತಸ್ಮಾತ್’ ಎಂಬುದು ‘ತಸ್ಮಾಲ್’ ಎಂದು ಕೇಳುತ್ತದೆ. ಉತ್ತರದವರು ‘ಜ್ಞಾನ’ವನ್ನು ‘ಗ್ಯಾನ’ವೆನ್ನುತ್ತಾರೆ. ಮೊದಲ ವಾರ ಇದು ಪರಿಹಾಸಕ್ಕೆ ಕಾರಣ. ಕೆಲವು ವೇಳೆ ಮನಸ್ತಾಪಕ್ಕೂ ಕಾರಣ.

ಅದಕ್ಕಿಂತ ಸ್ವಾರಸ್ಯವಾದುದು, ಒಂದೇ ಸಂಸ್ಕೃತ ಪದವು ನಾನಾ ದೇಶಭಾಷೆಗಳಲ್ಲಿ ನಾನಾ ವೇಷ ಹಾಕಿಕೊಂಡಿರುವುದು. ಮೊಮ್ಮಗಳು ‘ಶಿಕ್ಷಾಶಾಸ್ತ್ರೀ’ ಓದುತ್ತಾಳೆಂದು ಕೇಳಿದ ನಮ್ಮ ಅಜ್ಜಿಯರು, ಹುಡುಗಿ ಯಾರಿಗೆ ಶಿಕ್ಷೆ ಕೊಡುವುದಕ್ಕೆ ಕಲಿಯುತ್ತಾಳೋ ಎಂದುಕೊಂಡರೆ ಆಶ್ಚರ್ಯವಿಲ್ಲ. ಕನ್ನಡದಲ್ಲಿ ದಂಡನೆಯಾದ ಆ ಶಬ್ದವು ಸಂಸ್ಕೃತದಲ್ಲಿಯೂ ಹಿಂದಿಯಲ್ಲಿಯೂ ವಿದ್ಯೆಯೆಂಬ ಅರ್ಥವುಳ್ಳದ್ದು. ನಮಗೆ ಉಪನ್ಯಾಸವೆಂದರೆ ಭಾಷಣ. ಹಿಂದಿ ಬಂಗಾಳಿಗಳವರಿಗೆ ಕಾದಂಬರಿ. ನಮಗೆ ಅವಕಾಶವೆಂದರೆ ಅನುಕೂಲ, ಹಿಂದಿಯವನಿಗೆ ರಜ. ನಮಗೆ ಅವಸರವೆಂದರೆ ತ್ವರೆ. ಅವನಿಗೆ ಅದೇ ಒದಗಿಬಂದ ಸಮಯ. ನಮ್ಮಲ್ಲಿ ಚೇಷ್ಟೆಯೆಂದರೆ ತುಂಟತನ. ಬಂಗಾಳದಲ್ಲಿ ಅದು ಪ್ರಯತ್ನ. ‘ನಿಮ್ಮ ಮಗನು ಬಹಳ ಚೇಷ್ಟೆ ಮಾಡುತ್ತಾನೆ’ ಎಂದು ಬಂಗಾಳದ ಉಪಾಧ್ಯಾಯರು ಹೊಗಳಿದರೆ ಕನ್ನಡದ ತಂದೆ ಮುಖ ಕೆಂಪಗೆ ಮಾಡಿಕೊಂಡಾನು! ಇಂಥ ಎಡವಟ್ಟುಗಳಿಂದಲೇ ಕೋಣೆಯಲ್ಲಿ ಮೊದಲ ನಗು ಹುಟ್ಟುತ್ತದೆ. ಜೊತೆಯಲ್ಲಿ ನಕ್ಕವರು ಪರಕೀಯರಾಗಿ ಬಹಳ ದಿನ ಉಳಿಯಲಾರರು. ಹತ್ತು ಹದಿನೈದು ದಿನಗಳಲ್ಲಿ ಹುಡುಗನು ಸಂಸ್ಕೃತದಲ್ಲಿ ಜಗಳವಾಡುವಷ್ಟು ಪಳಗಿದರೆ ಅವನ ಕಷ್ಟ ಮುಗಿಯಿತೆಂದೇ ತಿಳಿಯಬೇಕು.

ಹೀಗೆ ತಿಳಿಯದ ಲೋಕಕ್ಕೆ ಬಂದು ಬೆರಗಾದವರಲ್ಲಿ ಈ ಸೀಮೆಗೆ ಮೊದಲಿಗನು ಋಷ್ಯಶೃಂಗನೇ ಸರಿ. ಶೃಂಗೇರಿಗೆ ಆ ಹೆಸರು ಬಂದುದು ಅವನಿಂದಲೇ ಎಂದು ಪ್ರತೀತಿ. ಸಮೀಪದ ಕಿಗ್ಗದಲ್ಲಿ ಋಷ್ಯಶೃಂಗೇಶ್ವರನ ದೇವಾಲಯವಿದ್ದು, ಮಳೆಗಾಗಿ ಜನರು ಅಲ್ಲಿ ಪ್ರಾರ್ಥನೆ ಸಲ್ಲಿಸುತ್ತಾರೆ. ತಂದೆಯಾದ ವಿಭಾಂಡಕನನ್ನು ಬಿಟ್ಟು ಬೇರೆ ಮನುಷ್ಯರನ್ನೇ ಕಾಣದೆ ಬೆಳೆದ ಆ ಬಾಲಕನು, ತನ್ನನ್ನು ಕರೆದೊಯ್ಯಲು ಬಂದ ಸ್ತ್ರೀಯನ್ನು ಇನ್ನೊಬ್ಬ ಬ್ರಹ್ಮಚಾರಿಯೆಂದೂ, ಅವಳು ಕೊಟ್ಟ ಭಕ್ಷ್ಯಗಳನ್ನು ಯಾವುದೋ ಮರದ ಹಣ್ಣುಗಳೆಂದೂ ಭಾವಿಸಿದನೆಂದು ಕಥೆಯಿದೆ. ಅವನು ಅಂಗದೇಶಕ್ಕೆ ಕಾಲಿಟ್ಟೊಡನೆ ಬರ ನೀಗಿ ಮಳೆ ಸುರಿಯಿತಂತೆ. ಕಥೆಯ ಮಹಿಮೆ ಹಾಗಿರಲಿ. ಏನೂ ತಿಳಿಯದೆ ಬಂದ ಹೊಸಬನನ್ನು ಆದರದಿಂದ ಬರಮಾಡಿಕೊಂಡ ನಾಡಿಗೆ ಒಳ್ಳೆಯದಾಯಿತೆಂಬ ಮಾತನ್ನು ಮಾತ್ರ ನಾವು ಮರೆಯಬಾರದು.

ಈ ಸಂದರ್ಭದಲ್ಲಿ ನಮ್ಮ ಹಿರಿಯರ ಕಾಲದ ವಾರಾನ್ನದ ಪದ್ಧತಿ ನೆನಪಿಗೆ ಬರುತ್ತದೆ. ಬಡ ವಿದ್ಯಾರ್ಥಿಯು ಸೋಮವಾರ ಒಬ್ಬರ ಮನೆ, ಮಂಗಳವಾರ ಇನ್ನೊಬ್ಬರ ಮನೆ ಎಂದು ಏಳು ಮನೆಗಳನ್ನು ಗೊತ್ತುಮಾಡಿಕೊಂಡು ಉಂಡು ಓದುತ್ತಿದ್ದನು. ಅದರಲ್ಲಿ ಅವಮಾನವೂ ಇದ್ದಿತು, ಹಸಿವೂ ಇದ್ದಿತು. ಎಲ್ಲ ಜಾತಿಯ ಮಕ್ಕಳಿಗೆ ಆ ಬಾಗಿಲುಗಳು ತೆರೆದಿರಲಿಲ್ಲವೆಂಬುದು ಅದರ ದೊಡ್ಡ ಕುಂದು. ಊರೂರಿಗೆ ವಿದ್ಯಾರ್ಥಿನಿಲಯಗಳು ಬಂದು, ಹೆಣ್ಣುಮಕ್ಕಳೂ ಎಲ್ಲ ವರ್ಗದವರೂ ತಲೆಯೆತ್ತಿ ಉಂಡು ಓದುವಂತಾದುದು ಮಹತ್ತಾದ ಉಪಕಾರ. ಆದರೆ ವಾರಾನ್ನದಲ್ಲಿ ಒಂದು ಗುಣವಿತ್ತು. ಹುಡುಗನಿಗೆ ಜ್ವರ ಬಂದರೆ ಏಳು ಮನೆಗಳಲ್ಲಿ ಯಾರಾದರೊಬ್ಬ ತಾಯಿ ‘ಇವತ್ತು ಹುಡುಗ ಏಕೆ ಬರಲಿಲ್ಲ?’ ಎಂದು ಕೇಳುತ್ತಿದ್ದಳು. ವಸತಿಗೃಹವು ಅನ್ನವನ್ನೂ ಸೂರನ್ನೂ ಕೊಡಬಲ್ಲುದು. ಆ ಪ್ರಶ್ನೆಯನ್ನು ಕೇಳುವುದಕ್ಕೆ ಒಂದು ಮನೆಯೇ ಬೇಕು.

ಮಲೆನಾಡಿನ ಮನೆಗಳ ಇಂದಿನ ಸ್ಥಿತಿಯನ್ನು ಬಲ್ಲವರಿಗೆ ಇದು ಇನ್ನೂ ಚೆನ್ನಾಗಿ ಮನದಟ್ಟಾದೀತು. ಶೃಂಗೇರಿ ಕೊಪ್ಪದ ಸೀಮೆಯ ಅಡಕೆಯ ತೋಟಗಳನ್ನು ಹಳದಿ ಎಲೆಯ ರೋಗವು ಬಹುಕಾಲದಿಂದ ಕಾಡುತ್ತಿದೆ. ತೋಟವನ್ನು ನೆಚ್ಚಲಾರದೆ ಮಕ್ಕಳು ಬೆಂಗಳೂರಿಗೂ ಅದರಾಚೆಗೂ ಹೋದರು; ಜಗಲಿಯಲ್ಲಿ ಉಳಿದವರು ವೃದ್ಧ ದಂಪತಿಗಳು. ಈ ಮನೆಗಳ ಮಕ್ಕಳು ಎಲ್ಲಿಯೋ ಬಾಡಿಗೆಯ ಕೋಣೆಯಲ್ಲಿ ಒಬ್ಬೊಬ್ಬರೇ ಹಬ್ಬ ಕಳೆಯುತ್ತಿರುವಾಗ, ಯಾರದೋ ಮಕ್ಕಳು ಇವರ ಮಗ್ಗುಲಲ್ಲಿಯೇ ಹಬ್ಬದ ದಿನ ಮನೆಯನ್ನು ನೆನೆದು ಕುಳಿತಿರುತ್ತಾರೆ. ನಾಗರಪಂಚಮಿಯಂದೋ ಗೌರೀಗಣೇಶನ ಹಬ್ಬದಂದೋ ಇಬ್ಬರು ಮೂವರು ಹೊಸ ವಿದ್ಯಾರ್ಥಿಗಳನ್ನು ಊಟಕ್ಕೆ ಕರೆಯುವುದು ಯಾವ ಗೃಹಸ್ಥನಿಗೂ ಭಾರವಾಗದು. ಮಾತು ಅರ್ಥವಾಗದಿದ್ದರೂ ಬಡಿಸುವ ಕೈ ಅರ್ಥವಾಗುತ್ತದೆ. ಮೆಣಸೆಗೆ ಮಾತ್ರವಲ್ಲ, ವಿದ್ಯಾಲಯವಿರುವ ಎಲ್ಲ ಊರುಗಳ ಗೃಹಸ್ಥರಿಗೂ ನಾವು ಹೇಳತಕ್ಕ ಮಾತು ಇದೇ.

ಮಕ್ಕಳನ್ನು ಕಳುಹಿಸಿದ ತಂದೆತಾಯಿಗಳಿಗೂ ಎರಡು ಮಾತು. ಮೊದಲ ವಾರ ದಿನಕ್ಕೆ ನಾಲ್ಕು ಸಲ ದೂರವಾಣಿಯಲ್ಲಿ ಕರೆದು ‘ಬೇಸರವೆ? ಬಂದುಬಿಡುತ್ತೀಯಾ?’ ಎಂದು ಕೇಳಬಾರದು. ಕೇಳಿದರೆ ಬೇಸರವಿಲ್ಲದವನಿಗೂ ಬೇಸರ ಬರುವುದು. ಹಾಗೆಂದು ‘ಅಷ್ಟು ಖರ್ಚುಮಾಡಿ ಕಳುಹಿಸಿದ್ದೇವೆ, ಜೋಕೆ’ ಎಂದು ಗದರಲೂ ಬಾರದು. ‘ಇವತ್ತು ಏನು ಉಂಡೆ? ಕೋಣೆಯಲ್ಲಿ ಯಾರು ಯಾರಿದ್ದಾರೆ? ಅವರ ಊರು ಯಾವುದು?’ ಎಂದು ಕೇಳುವುದು ಮೇಲು. ಅವನು ಅಲ್ಲಿಯ ಸಂಗತಿಗಳನ್ನು ಹೇಳುತ್ತ ಹೇಳುತ್ತ, ತಾನೇ ಅರಿಯದಂತೆ, ಅಲ್ಲಿಯವನಾಗುತ್ತಾನೆ. ಮಳೆಗಾಲದಲ್ಲಿ ಒಂದೆರಡು ದಿನ ದನಿ ಕೇಳಿಸದಿದ್ದರೆ ತಂತಿ ಕಡಿದಿರಬಹುದೆಂದು ತಾಳ್ಮೆಯಿಂದಿರಬೇಕು. ತುರ್ತಿಗಾಗಿ ವಸತಿಗೃಹದ ಮೇಲ್ವಿಚಾರಕರ ದೂರವಾಣಿಯ ಸಂಖ್ಯೆಯನ್ನು ಮೊದಲೇ ಬರೆದಿಟ್ಟುಕೊಂಡಿರಬೇಕು. ಆದರೆ ಮಗುವು ಊಟ ಬಿಟ್ಟಿದ್ದರೆ, ನಿದ್ರೆಯಿಲ್ಲದಿದ್ದರೆ, ಯಾರಿಂದಲಾದರೂ ಹಿಂಸೆಯಾಗುತ್ತಿದ್ದರೆ ಅದನ್ನು ಬರಿಯ ಬೇಸರವೆಂದು ತಳ್ಳಿಹಾಕದೆ ಒಡನೆಯೇ ಹೊರಡತಕ್ಕದ್ದು. ಊರಿನ ನೆನಪು ಬೇರೆ, ನಿಜವಾದ ಸಂಕಟ ಬೇರೆ. ಇವೆರಡನ್ನು ದನಿಯಲ್ಲಿಯೇ ಗುರುತಿಸುವ ಶಕ್ತಿ ಹೆತ್ತವರಿಗೆ ಉಂಟು.

ಹದಿನೈದು ದಿನ ಕಳೆದರೆ ಒಂದು ಮಧ್ಯಾಹ್ನ ಮಳೆಗೆ ಹೊಳವಾಗುತ್ತದೆ. ಹೊಸಬನು ಜೊತೆಯವರೊಡನೆ ತುಂಗೆಯ ದಡಕ್ಕೆ ಹೋಗುತ್ತಾನೆ. ವಿದ್ಯಾಶಂಕರ ದೇವಾಲಯದಲ್ಲಿ ಹನ್ನೆರಡು ರಾಶಿಗಳ ಹನ್ನೆರಡು ಕಂಬಗಳನ್ನು ಎಣಿಸುತ್ತಾನೆ. ಹಿಂದಿರುಗುವಾಗ ಕಾಲಿನ ಉಂಬಳವನ್ನು ತಾನೇ ಕಿತ್ತು ಎಸೆದು ಮಾತನ್ನು ಮುಂದುವರಿಸುತ್ತಾನೆ. ಮುಂದಿನ ಆಷಾಢದಲ್ಲಿ ಇನ್ನೊಬ್ಬ ಹೊಸ ಹುಡುಗನು ಒದ್ದೆಯಾದ ಪೆಟ್ಟಿಗೆಯೊಡನೆ ಬಸ್ಸಿನಿಂದ ಇಳಿದಾಗ, ಕೊಡೆ ಹಿಡಿದು ಎದುರಿಗೆ ಹೋಗುವವನು ಇವನೇ ಆಗಲಿ.